ಗುಜರಿ ಸ್ಪೀಕರಿಗೊಂದು ಪೆಟ್ಟಿಗೆ

ಕತಾರ್‌ಗಾಮ್ ಎಂದರೆ ಗುಜರಾತಿನ ಅಡುಗೆಮನೆಗಳಲ್ಲಿ ಮೊದಲು ನೆನಪಾಗುವುದು ಪಾಪ್ಡಿ. ನಮ್ಮ ಅವರೆಕಾಯಿಯ ಒಡಹುಟ್ಟು ಅದು. ಚಳಿಗಾಲದ ಪಲ್ಯವಾದ ಉಂಧಿಯುಗೆ ಕತಾರ್‌ಗಾಮ್ ಪಾಪ್ಡಿಯೇ ಆಗಬೇಕು ಎಂದು ಹಟ ಹಿಡಿಯುವ ಅಜ್ಜಿಯರು ಸೂರತ್ತಿನಲ್ಲಿ ಇಂದಿಗೂ ಇದ್ದಾರೆ. ಈಗ ಸೂರತ್ತಿನ ಆ ಬಡಾವಣೆಯ ತುಂಬ ವಜ್ರ ಉಜ್ಜುವ ಕಾರ್ಖಾನೆಗಳು, ಕಸೂತಿ ಯಂತ್ರಗಳ ಶೆಡ್‌ಗಳು. ಉಜ್ಜುವವರು ಸುತ್ತ ಕೂರುವ ಚಕ್ರದ ಮೇಜಿಗೆ ಅಲ್ಲಿ ಘಂಟಿ ಎನ್ನುತ್ತಾರೆ. ಘಂಟಿಗಳ ಗುಂಯ್ ಸದ್ದು ವರ್ಷವಿಡೀ ಬೀದಿಯಲ್ಲಿ ಇದ್ದೇ ಇರುತ್ತದೆ. ದೀಪಾವಳಿಗೆ ಮಾತ್ರ ಅದು ನಿಲ್ಲುತ್ತದೆ. ಕೆಲಸಗಾರರು ಸೌರಾಷ್ಟ್ರದ ತಮ್ಮ ಊರುಗಳಿಗೆ, ಅಮ್ರೇಲಿ ಭಾವನಗರಗಳ ಕಡೆಗೆ, ವಾರಗಟ್ಟಲೆ ಹೊರಟುಬಿಡುತ್ತಾರೆ.

ಅಲ್ಲಿ ಬಾಡಿಗೆಗಿದ್ದ ದಿನಗಳಲ್ಲಿ ನಾನು ಹಾಡಿನ ಪೆಟ್ಟಿಗೆ ಕಟ್ಟಲು ಕೂತದ್ದು ಅಂಥ ಒಂದು ರಜೆಯಲ್ಲಿ. ಹಬ್ಬಕ್ಕೆ ಮುಂಚೆ ಮನೆಮನೆಯಲ್ಲೂ ಅಟ್ಟ ಗುಡಿಸುತ್ತಾರೆ. ಡಬ್ಬ ಟೀವಿ, ಕ್ಯಾಸೆಟ್ ಪ್ಲೇಯರು, ಒಂದು ಕಿವಿ ಸತ್ತ ಹೋಮ್ ಥಿಯೇಟರು ಎಲ್ಲ ಭಂಗಾರ್ ಗಾಡಿ, ಅಂದರೆ ಗುಜರಿ ಗಾಡಿ, ಹತ್ತುತ್ತವೆ. ಸ್ಪೀಕರ್ ಹೆಕ್ಕುವವರಿಗೆ ಇದಕ್ಕಿಂತ ಸುಗ್ಗಿಯ ಕಾಲವಿಲ್ಲ. ಜೊತೆಗೆ ಬೀದಿಯ ಮೌನ. ಹಳೆಯ ಸ್ಪೀಕರಿನ ಒಳಗೆ ಕಾಯಿಲ್ ಸವರುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಲು ಆ ಮೌನ ಬೇಕು. ಕೆಲಸ ಮುಗಿಸಲು ಎರಡು ತಿಂಗಳು ಸಮಯವಿತ್ತು. ಜನವರಿ 14 ಉತ್ತರಾಯಣ, ನಮ್ಮ ಸಂಕ್ರಾಂತಿ. ಅಂದು ಇಡೀ ಸೂರತ್ತು ಗಾಳಿಪಟ ಹಿಡಿದು ತಾರಸಿ ಹತ್ತುತ್ತದೆ. ತಾರಸಿಗೆ ಅಲ್ಲಿ ಅಗಾಸಿ ಎನ್ನುತ್ತಾರೆ. ಹಾಡಿಲ್ಲದ ಅಗಾಸಿ ಅಂದು ಸಿಗುವುದಿಲ್ಲ.

ನಾವು ಹಳೇ ಸಾಮಾನಿಗೆ ಗುಜರಿ ಎನ್ನುತ್ತೇವಲ್ಲ, ಆ ಮಾತು ಗುಜರಾತಿನಲ್ಲಿ ಸಂತೆಯ ಹೆಸರಿನಲ್ಲೇ ಇದೆ. ಅಹ್ಮದಾಬಾದಿನಲ್ಲಿ ಸಾಬರ್ಮತಿ ದಂಡೆಯ ಮೇಲೆ, ಎಲ್ಲಿಸ್ ಸೇತುವೆಯ ಹತ್ತಿರ ಭಾನುವಾರ ನೆರೆಯುವ ಸಂತೆಯ ಹೆಸರು ಗುಜರಿ ಬಜಾರ್. ಬೆಂಗಳೂರಿನವರಿಗೆ ಚಿಕ್ಕಪೇಟೆಯ ಸಂಡೇ ಬಜಾರು ನೆನಪಾಗಬಹುದು. ಎಲ್ಲಿ ಕೊಂಡರೂ ಜೇಬಿನಲ್ಲಿ ಒಂದು ಪೆನ್ಸಿಲ್ ಸೆಲ್, ಎರಡು ಗೇಣು ವೈರು, ಸಾಧ್ಯವಾದರೆ ಒಂದು ಮಲ್ಟಿಮೀಟರು ಇರಲಿ.

ಸ್ಪೀಕರನ್ನು ಅಂಗಾತ ಅಂಗೈ ಮೇಲೆ ಇಟ್ಟುಕೊಳ್ಳಿ. ಇನ್ನೊಂದು ಕೈಯ ನಾಲ್ಕು ಬೆರಳನ್ನು ಕೋನಿನ ನಾಲ್ಕು ಕಡೆ ಸಮನಾಗಿ ಊರಿ, ಹಿಟ್ಟು ಹದ ನೋಡುವಷ್ಟೇ ಮೆತ್ತಗೆ ಒತ್ತಿ. ಕೋನು ಮೃದುವಾಗಿ ಒಳಗೆ ಹೋಗಿ, ಬಿಟ್ಟಾಗ ತಾನೇ ಮೇಲೆ ಬರಬೇಕು. ಮರಳು ಕಾಗದ ಸವರಿದಂಥ ಸದ್ದು ಬಂದರೆ ಕಾಯಿಲ್ ಅಯಸ್ಕಾಂತಕ್ಕೆ ತಾಗುತ್ತಿದೆ ಎಂದರ್ಥ, ಅದನ್ನು ಅಲ್ಲೇ ಬಿಡಿ. ಆಮೇಲೆ ಸೆಲ್ಲಿನ ಎರಡು ತುದಿಯನ್ನು ಕ್ಷಣಮಾತ್ರ ತಾಗಿಸಿ. ಟಕ್ ಎಂದಿತೋ, ಜೀವವಿದೆ. ಕೋನು ಹೊರಕ್ಕೆ ಚಿಮ್ಮಿತಾದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಅಲ್ಲೇ ಒಂದು ಕೆಂಪು ಚುಕ್ಕೆ ಇಟ್ಟುಬಿಡಿ. ಮೀಟರು 4 ಓಮ್ ಸ್ಪೀಕರಿಗೆ 3.2ರಿಂದ 3.6ರ ಆಸುಪಾಸು, 8 ಓಮಿನದಕ್ಕೆ 6ರಿಂದ 7 ತೋರಿಸುತ್ತದೆ. ಬರೆದ ಅಂಕಿಗಿಂತ ಕಡಿಮೆ ಬಂತೆಂದು ಗಾಬರಿ ಬೇಡ. ಮೀಟರು ಅಳೆಯುವುದು ತಂತಿಯ ರೋಧವನ್ನು ಮಾತ್ರ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಡಬ್ಬ ಟೀವಿಯನ್ನು ನೀವೇ ಬಿಚ್ಚಬೇಡಿ. ಅದರ ಪಿಕ್ಚರ್ ಟ್ಯೂಬು ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ, ಪ್ಲಗ್ ಕಿತ್ತ ಮೇಲೂ ಅದರ ಶೇಷ ಒಳಗೆ ಉಳಿದಿರಬಹುದು. ಗುಜರಿಯವರೇ ಬಿಚ್ಚಿಟ್ಟ ಸ್ಪೀಕರನ್ನು ಕೇಳಿ ಪಡೆಯಿರಿ.

ನನಗೆ ಸಿಕ್ಕಿದ್ದು ಕಾರಿನಿಂದ ತೆಗೆದ 6 ಇಂಚಿನ ಒಂದು ಜೋಡಿ. ಮೀಟರಿನಲ್ಲಿ ಒಂದು 3.4, ಇನ್ನೊಂದು 3.5. ಒಂದರ ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುವಂತಿತ್ತು. ಸ್ಪೀಕರ್ ರಿಪೇರಿಯವರ ಬಳಿ ಅಂಥ ಅಂಚಿನ ಬಳೆಗಳು ಅಳತೆವಾರು ಸಿಗುತ್ತವೆ. ಹಳೆಯದನ್ನು ಕೆರೆದು ಹೊಸದನ್ನು ಅಂಟಿಸುವುದು ಅರ್ಧ ಗಂಟೆಯ ಕೆಲಸ.

ಮನೆಗೆ ತಂದು, ಫೋನಿನ ಹಾಡನ್ನು ಸಣ್ಣ ಆಂಪ್ಲಿಫೈಯರ್ ಬೋರ್ಡಿನ ಮೂಲಕ ಬರಿಯ ಸ್ಪೀಕರಿಗೆ ಕೊಟ್ಟೆ. ಬಂದದ್ದು ತಗಡಿನ ಡಬ್ಬಿಯೊಳಗಿಂದ ಯಾರೋ ಕೂಗಿದ ಹಾಗೆ. ತಬಲದ ಎಡಗೈ ಸದ್ದೇ ಇಲ್ಲ. ಎಷ್ಟೋ ಒಳ್ಳೆಯ ಸ್ಪೀಕರುಗಳು ಈ ಹಂತದಲ್ಲೇ ಕಸಕ್ಕೆ ಹೋಗುತ್ತವೆ, ಕೊಂಡವರು ಮೋಸಹೋದೆವು ಎಂದುಕೊಳ್ಳುತ್ತಾರೆ. ನಾನು ಒಂದು ರಟ್ಟಿನ ಪೆಟ್ಟಿಗೆಯ ಮುಚ್ಚಳಕ್ಕೆ ದುಂಡಗೆ ತೂತು ಕೊರೆದು, ಅದರ ಮೇಲೆ ಸ್ಪೀಕರನ್ನು ಬೋರಲು ಹಾಕಿ ಕೈಯಲ್ಲಿ ಒತ್ತಿ ಹಿಡಿದೆ. ಅದೇ ಹಾಡು, ಅದೇ ಬೋರ್ಡು, ತಬಲದ ಬಾಯಾ ಎದ್ದು ಬಂತು. ರಟ್ಟು ತೆಗೆದರೆ ಮಾಯ, ಇಟ್ಟರೆ ಹಾಜರು. ಮಕ್ಕಳಿಗೆ ಧ್ವನಿವಿಜ್ಞಾನ ಕಲಿಸಲು ಇದಕ್ಕಿಂತ ಸುಲಭದ ಪ್ರಯೋಗ ನನಗೆ ತಿಳಿದಿಲ್ಲ.

ಆಗುವುದು ಇಷ್ಟು. ಕೋನು ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಾಗುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ತೆಳುವಾಗುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತಿರುಗುಮುರುಗು. 100 ಹರ್ಟ್ಸಿನ ಮಂದ್ರ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರು ಉದ್ದ. ಆರು ಇಂಚಿನ ಸ್ಪೀಕರಿನ ಅಂಚು ಬಳಸಿ ಹಿಂದಿನ ಗಾಳಿ ಮುಂದಕ್ಕೆ ಬರಲು ಒಂದು ಗೇಣು ದಾರಿಯೂ ಇಲ್ಲ. ಎರಡೂ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ತಾರ ಸದ್ದಿನ ಅಲೆಗಳು ಸಣ್ಣವಾದ್ದರಿಂದ ಬದುಕಿ ಉಳಿಯುತ್ತವೆ, ಅದಕ್ಕೇ ಬರಿಯ ಸ್ಪೀಕರು ಕೀಚಲು. ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಭೇಟಿಯಾಗದಂತೆ ನಡುವೆ ಗೋಡೆ ಕಟ್ಟುವುದೇ ಪೆಟ್ಟಿಗೆಯ ಕೆಲಸ. ಪ್ಲೈವುಡ್ಡು, ಅಂಟು, ಸ್ಕ್ರೂ, ಬಟ್ಟೆ, ಮುಂದೆ ಹೇಳುವ ಎಲ್ಲವೂ ಗಾಳಿಯನ್ನು ಕಟ್ಟಿ ಹಾಕುವುದಕ್ಕಾಗಿ.

ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಅಮೆರಿಕದಲ್ಲಿ ರೂಪಿಸಿದ ಸ್ಪೀಕರಿಗೂ ಇಂದಿನ ಗುಜರಿ ಸ್ಪೀಕರಿಗೂ ಮೂಲದಲ್ಲಿ ಭೇದವಿಲ್ಲ: ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನು. ಆಮೇಲಿನ ಜಾಣತನವೆಲ್ಲ ಹೆಚ್ಚಾಗಿ ಪೆಟ್ಟಿಗೆಯ ಮೇಲೆ ಹರಿಯಿತು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಪೆಟ್ಟಿಗೆಗೆ ಕೊಳವೆ ಇಟ್ಟು ಹಿಂದಿನ ಗಾಳಿಯಿಂದಲೂ ದುಡಿಸಿಕೊಳ್ಳುವ ಉಪಾಯಕ್ಕೆ 1932ರಲ್ಲಿ ಪೇಟೆಂಟ್ ಪಡೆದ. ಎಡ್ಗರ್ ವಿಲ್ಚರ್ 1954ರಲ್ಲಿ ಇದಕ್ಕೆ ತೀರ ಎದುರಿನ ದಾರಿ ಹಿಡಿದು, ಸಣ್ಣ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ಹಿಂದೆಯೇ ರಿಚರ್ಡ್ ಸ್ಮಾಲ್, ಯಾವ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಎಂಬುದನ್ನು ಲೆಕ್ಕಕ್ಕೆ ತಂದರು. ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ ಹೊರತಂದ ಮೇಲೆ ರೇಡಿಯೋ, ಕ್ಯಾಸೆಟ್ಟು, ಸ್ಪೀಕರು ಮೂರೂ ಒಂದೇ ಹಿಡಿಕೆಯ ಕೆಳಗೆ ಬಂದವು. ನಮ್ಮ ಕರಾವಳಿಯಲ್ಲಿ ಗಲ್ಫಿನಿಂದ ಬಂದವರ ಹೆಗಲ ಮೇಲೆ ಟೂ-ಇನ್-ವನ್ ಆಗಿ ಇಳಿದು, ಯಕ್ಷಗಾನದ ಕ್ಯಾಸೆಟ್ಟುಗಳನ್ನು ಮನೆಮನೆಗೆ ಕೇಳಿಸಿದ್ದು ಅದೇ ಬೂಮ್ ಬಾಕ್ಸು.

ಮರ ಮತ್ತು ನಾದ ಎಂದೊಡನೆ ನಮಗೆ ವೀಣೆ ನೆನಪಾಗುತ್ತದೆ. ಇಲ್ಲಿ ಒಂದು ಗೊಂದಲ ತಪ್ಪಿಸಿಕೊಳ್ಳಬೇಕು. ವೀಣೆಯ ಹಲಸಿನ ಕೊಡ ತಾನೂ ಮಿಡಿಯಬೇಕು, ಮಿಡಿದರೇನೇ ಅದು ವೀಣೆ. ಸ್ಪೀಕರಿನ ಪೆಟ್ಟಿಗೆ ಮಿಡಿಯಕೂಡದು. ಹಾಡಿದವರ ದನಿಯನ್ನು ಬಿಟ್ಟು ಬೇರೇನನ್ನೂ ಅದು ಸೇರಿಸಬಾರದು. ಅದಕ್ಕೇ ತೆಳುವಾದ 6 ಮಿಲಿಮೀಟರ್ ಪ್ಲೈ ಬೇಡ, 12 ಆದರೂ ಇರಲಿ. ಎತ್ತಿ ಒಯ್ಯುವ ಪೆಟ್ಟಿಗೆಗೆ 18 ವಿಪರೀತ ಭಾರ. ಪ್ಲೈವುಡ್ಡಿನ ಪದರಗಳ ನಾರು ಒಂದು ಅಡ್ಡ, ಒಂದು ಉದ್ದ ಹೀಗೆ ಕೂತಿರುವುದರಿಂದ ಒಂದೇ ಮರದ ಹಲಗೆಯ ಹಾಗೆ ಅದು ಬಿಸಿಲಿಗೆ ಸೊಟ್ಟಗಾಗುವುದಿಲ್ಲ, ಕೀಲು ಬಿಡುವುದಿಲ್ಲ. ಕೀಲು ಬಿಟ್ಟರೆ ಗಾಳಿ ಹೊರಡುತ್ತದೆ.

8 ಅಡಿಗೆ 4 ಅಡಿಯ ಇಡೀ ಹಾಳೆಯಲ್ಲಿ 32 ಚದರ ಅಡಿ ಇರುತ್ತದೆ, ನಮಗೆ ಬೇಕಾದ್ದು ಒಂಬತ್ತು. ವಾರ್ಡ್‌ರೋಬ್ ಮಾಡುವ ಬಡಗಿಯ ಶೆಡ್ಡಿನಲ್ಲಿ ಅಷ್ಟು ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ನಾನು ಹೋದ ಶೆಡ್ಡಿನ ಬಡಗಿ ಕಾಕಾ ಅಳತೆಯ ಚೀಟಿ ನೋಡಿ, ದುಡ್ಡು ತೆಗೆದುಕೊಳ್ಳದೆ, ತನ್ನ ಯಂತ್ರದಲ್ಲೇ ನೇರ ಕೊಯ್ದು ಕೊಟ್ಟರು. ನೇರ ಕೊಯ್ತ ಎಷ್ಟು ದೊಡ್ಡ ಉಪಕಾರ ಎನ್ನುವುದು ಕೈಗರಗಸದಲ್ಲಿ ಕೊಯ್ದು, ಅಂಚು ಕೂಡದೆ ಒದ್ದಾಡಿದವರಿಗೆ ಗೊತ್ತು.

ನನ್ನ ಅಳತೆ: ಹೊರಗೆ 60 ಸೆಂ.ಮೀ. ಉದ್ದ, 28 ಎತ್ತರ, 22 ಆಳ. ಒಳಗೆ ಎರಡು ಅಡ್ಡಗೋಡೆ. ಎಡಕ್ಕೊಂದು ಬಲಕ್ಕೊಂದು ಸ್ಪೀಕರಿನ ಕೋಣೆ, ತಲಾ 23 ಸೆಂ.ಮೀ. ಅಗಲ, ಹನ್ನೊಂದೂವರೆ ಲೀಟರು. ನಡುವೆ 9 ಸೆಂ.ಮೀ.ಯ ಸಣ್ಣ ಕೋಣೆ, ಅದರಲ್ಲಿ ಬ್ಯಾಟರಿ ಮತ್ತು ಬೋರ್ಡು. ಕೋಣೆಗಳು ಬೇರೆಬೇರೆಯಾಗಲೇಬೇಕು. ಇಲ್ಲವಾದರೆ ಒಂದು ಸ್ಪೀಕರಿನ ಗಾಳಿ ಇನ್ನೊಂದನ್ನು ತಳ್ಳುತ್ತದೆ, ನಾಬ್ ಕೂರಿಸಿದ ತೂತು, ಚಾರ್ಜರ್ ಪಿನ್ನಿನ ತೂತುಗಳಲ್ಲಿ ಪುಸ್ ಎಂದು ಸೋರುತ್ತದೆ. ಮೂಲೆಗಳಿಗೆ ಒಂದಿಂಚಿನ ರೀಪರ್ ಪಟ್ಟಿ, ಎರಡೂ ಕಡೆ ಧಾರಾಳ ಫೆವಿಕಾಲ್, ನಾಲ್ಕು ಬೆರಳಿಗೊಂದರಂತೆ ಸ್ಕ್ರೂ. ಸಂದಿ ಕಂಡಲ್ಲಿ ಗರಗಸದ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ಮೆತ್ತಬೇಕು. ಒಂದು ರಾತ್ರಿ ಒಣಗಲಿ, ಅವಸರ ಬೇಡ.

ಒಣಗಿದ ಮೇಲೆ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಪ್ರತಿ ಹಲಗೆಯನ್ನೂ ಬಡಿಯಿರಿ. ನನ್ನ ಹಿಂದಿನ ಹಲಗೆ ಡಬ್ ಎಂದು ಡೊಳ್ಳಾಗಿ ಉತ್ತರಿಸಿತು. ಎರಡೂ ಕೋಣೆಗಳಲ್ಲಿ ಮುಂದಿನ ಹಲಗೆಗೂ ಹಿಂದಿನದಕ್ಕೂ ನಡುವೆ ಒಂದು ರೀಪರ್ ತುಂಡನ್ನು ಊರುಗೋಲಿನಂತೆ ಕೂರಿಸಿ ಅಂಟಿಸಿದೆ. ಸದ್ದು ಟಕ್ ಎಂದು ಗಿಡ್ಡವಾಯಿತು.

ಪೆಟ್ಟಿಗೆ ಪೂರ್ತಿ ಮುಚ್ಚಬೇಕೋ, ಕೊಳವೆ ಇಡಬೇಕೋ? ಘಟ ನುಡಿಸುವವರನ್ನು ನೋಡಿ. ಬಾಯನ್ನು ಹೊಟ್ಟೆಗೆ ಒತ್ತಿ ಹಿಡಿದಾಗೊಂದು ನಾದ, ತೆರೆದಾಗ ಇನ್ನೊಂದು. ಮಡಕೆಯ ಕಂಠದಲ್ಲಿರುವ ಗಾಳಿ ಒಂದು ತೂಕ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗು. ಎರಡೂ ಸೇರಿ ತಮ್ಮದೇ ಒಂದು ಸ್ವರದಲ್ಲಿ ತೂಗುತ್ತವೆ. ಪೆಟ್ಟಿಗೆಯ ಕೊಳವೆಯೂ ಹಾಗೆಯೇ. ನಲ್ಲಿ ಕೆಲಸದ 50 ಮಿ.ಮೀ. ಪಿವಿಸಿ ಪೈಪಿನ 9 ಸೆಂ.ಮೀ. ತುಂಡನ್ನು ಹನ್ನೊಂದು ಲೀಟರಿನ ಕೋಣೆಗೆ ಕೂರಿಸಿದರೆ ಅದು ಸುಮಾರು 60 ಹರ್ಟ್ಸಿಗೆ ನಿಲ್ಲುತ್ತದೆ. 5 ಸೆಂ.ಮೀ.ಗೆ ಕತ್ತರಿಸಿದರೆ 74ರ ಸುತ್ತ ಏರುತ್ತದೆ. ಉದ್ದ ಹೆಚ್ಚಿದಷ್ಟೂ ಸ್ವರ ಮಂದ್ರ. ಗುಜರಿ ಸ್ಪೀಕರಿನ ಗುಣಾವಳಿಯ ಕಾಗದ ನಮ್ಮ ಕೈಯಲ್ಲಿರುವುದಿಲ್ಲ, ಆದ್ದರಿಂದ ಉದ್ದವಾಗಿ ಇಟ್ಟು, ಕೇಳುತ್ತ ಕೇಳುತ್ತ ಅರ್ಧ ಅರ್ಧ ಸೆಂ.ಮೀ. ಕತ್ತರಿಸುವುದು ನಾನು ಒಪ್ಪುವ ಮಾರ್ಗ. ಮೊದಲ ಸಲ ಕಟ್ಟುವವರು ಕೊಳವೆ ಇಲ್ಲದೆ ಮುಚ್ಚಿದ ಪೆಟ್ಟಿಗೆಯನ್ನೇ ಕಟ್ಟಲಿ. ಅದರಲ್ಲಿ ತಪ್ಪು ಸುಲಭವಾಗಿ ಕ್ಷಮೆ ಪಡೆಯುತ್ತದೆ. ನಾನು ಕೊಳವೆ ಇಟ್ಟೆ, ಕೊನೆಗೆ ಏಳೂವರೆ ಸೆಂ.ಮೀ.ಗೆ ನಿಲ್ಲಿಸಿದೆ.

ಸೂರತ್ತು ಬಟ್ಟೆಯ ಊರು. ಕೋಣೆಗಳ ಒಳಗೋಡೆಗೆ ಹೊಡೆದ ಪಾಲಿಯೆಸ್ಟರ್ ಹತ್ತಿ ದಿಂಬಿನ ಅಂಗಡಿಯಲ್ಲಿ ಹಿಡಿಗಟ್ಟಲೆ ಸಿಕ್ಕಿತು. ಒಳಗೆ ಅಲ್ಲಿಂದಿಲ್ಲಿಗೆ ಪುಟಿಯುವ ಸದ್ದನ್ನು ಅದು ಹೀರುತ್ತದೆ. ಕೊಳವೆಯ ಬಾಯಿಯನ್ನು ಮಾತ್ರ ಬಿಟ್ಟು ಹಾಸಬೇಕು. ಮುಂದಿನ ಜಾಲರಿ ಬಟ್ಟೆಗೆ ಸೀರೆ ಅಂಗಡಿಯ ಜಾರ್ಜೆಟ್ ತುಂಡು. ಬಟ್ಟೆ ಆರಿಸಲು ಉಪಕರಣ ಬೇಡ. ತುಟಿಗೆ ಹಚ್ಚಿ ಊದಿ ನೋಡಿ, ಆಚೆ ಹಿಡಿದ ಅಂಗೈಗೆ ಉಸಿರು ತಡೆಯಿಲ್ಲದೆ ತಾಗಿದರೆ ಸರಿ. ಜರಿ ತುಂಬಿದ ಬಟ್ಟೆ ಚೆಂದ ಕಾಣುತ್ತದೆ, ಆದರೆ ತಾರದ ಸದ್ದನ್ನು ನುಂಗುತ್ತದೆ.

ಎಲ್ಲ ಜೋಡಿಸಿ ಹಾಡು ಹಾಕಿದಾಗ ಎಡಗಡೆ ಸೊಗಸಾಗಿತ್ತು, ಬಲಗಡೆ ಬೇಸ್ ಬಂದಾಗಲೆಲ್ಲ ಹಾವು ಬುಸುಗುಟ್ಟಿದ ಸದ್ದು. ಕೋನು ತಾಗುತ್ತಿದೆಯೇ ಎಂದು ಮತ್ತೆ ಬಿಚ್ಚಿ ನೋಡಿದೆ, ಇಲ್ಲ. ಕೊನೆಗೆ ದೇವರ ಮುಂದಿನ ಊದುಬತ್ತಿ ತಂದೆ. ಫೋನಿನಲ್ಲಿ 40 ಹರ್ಟ್ಸಿನ ಒಂದೇ ಸ್ವರ ಹಾಕಿ, ಫ್ಯಾನ್ ಆರಿಸಿ, ಊದುಬತ್ತಿಯನ್ನು ಕೀಲುಗಳ ಉದ್ದಕ್ಕೂ ಮೆಲ್ಲಗೆ ಒಯ್ದೆ. ನೂಲಿನಂತೆ ನೆಟ್ಟಗೆ ಏಳುತ್ತಿದ್ದ ಹೊಗೆ ಮೂಲೆಗಳಲ್ಲಿ ಕದಲಲಿಲ್ಲ, ಹಲಗೆಯ ಅಂಚಿನಲ್ಲಿ ಕದಲಲಿಲ್ಲ. ನಡುವಿನ ಕೋಣೆಯಲ್ಲಿ, ಸ್ಪೀಕರಿನ ವೈರು ಅಡ್ಡಗೋಡೆ ದಾಟುವ ತೂತಿನ ಎದುರು ಬಂದ ಕೂಡಲೆ ಹೊಗೆ ಗರಗಸದ ಹಲ್ಲಿನ ಹಾಗೆ ಮುರಿಮುರಿದು ನಡುಗಿತು. ವೈರಿನ ಸುತ್ತ ಒಂದು ಅಕ್ಕಿಕಾಳು ನುಸುಳುವಷ್ಟು ಸಂದಿ. ಎಡಗಡೆ ಮೆತ್ತಿ, ಬಲಗಡೆ ಮರೆತಿದ್ದೆ. ಒಂದು ಚಿಟಿಕೆ ಎಂ-ಸೀಲ್ ಹಚ್ಚಿ ಒಣಗಿಸಿದೆ, ಬುಸುಗುಟ್ಟುವುದು ನಿಂತಿತು, ಎರಡೂ ಕಡೆಯ ಬೇಸ್ ಒಂದೇ ತೂಕಕ್ಕೆ ಬಂತು. ಮುಚ್ಚಿದ ಪೆಟ್ಟಿಗೆ ಕಟ್ಟಿದವರಿಗೆ ಇನ್ನೊಂದು ಪರೀಕ್ಷೆಯಿದೆ. ಕೋನನ್ನು ಒತ್ತಿ ಬಿಟ್ಟರೆ ಅದು ಚಕ್ಕನೆ ಪುಟಿಯದೆ ನಿಧಾನ ಮೇಲೆ ಬರಬೇಕು. ನಿಧಾನ ಬಂದರೆ ಗಾಳಿ ಒಳಗೇ ಇದೆ.

ಬೇಸ್ ಕಡಿಮೆ ಎನಿಸಿದರೆ ಇನ್ನೂ ಒಂದು ಕಡೆ ನೋಡಿ. ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲು ಬದಲಾಗಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡು ಸ್ಪೀಕರಿದ್ದೂ ಮಂದ್ರ ಮಾಯವಾಗುತ್ತದೆ. ಸಂತೆಯಲ್ಲಿ ಇಟ್ಟ ಕೆಂಪು ಚುಕ್ಕೆ ಈಗ ನೆರವಿಗೆ ಬರುತ್ತದೆ.

ಬೋರ್ಡಿನ ಮಾತು. ನಮ್ಮ ದೇಶದ ಮನೆಗೆಲಸದ ಆಂಪ್ಲಿಫೈಯರುಗಳಲ್ಲಿ 4440ಕ್ಕೆ ದೊಡ್ಡ ಹೆಸರು. ಸಾನ್ಯೋ ಕಂಪನಿಯ ಎಲ್‌ಎ4440 ಐಸಿ, ಕಾರಿನ 12 ವೋಲ್ಟಿನಲ್ಲಿ ಎರಡು ಸ್ಪೀಕರಿಗೆ ತಲಾ 6 ವಾಟ್, ಒಂದಕ್ಕೇ ಕೂಡಿಸಿದರೆ 19 ವಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘4440 ಬೋರ್ಡ್’ ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಅದರ ದನಿ ನನಗೆ ಪ್ರೀತಿ, ಆದರೆ ಬ್ಯಾಟರಿಯ ಗಣನೀಯ ಪಾಲನ್ನು ಅದು ಬಿಸಿಯಾಗಿ ಕಳೆಯುತ್ತದೆ. ಈಗ ಸಿಗುವ ಡಿ-ಕ್ಲಾಸ್ ಬೋರ್ಡುಗಳು ಜೋರಾಗಿ ಹಾಡುವಾಗ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಸ್ಪೀಕರಿಗೇ ಮುಟ್ಟಿಸುತ್ತವೆ. ದಿನವಿಡೀ ತಾರಸಿಯ ಮೇಲೆ ಹಾಡಬೇಕಾದ ಪೆಟ್ಟಿಗೆಗೆ ಅದೇ ತಕ್ಕದ್ದು. ಕೊಳ್ಳುವಾಗ ಡಬ್ಬದ ಮೇಲಿನ ವಾಟಿಗೆ ಮರುಳಾಗಬೇಡಿ. 12 ವೋಲ್ಟಿನಿಂದ 4 ಓಮ್ ಸ್ಪೀಕರಿಗೆ ಲೆಕ್ಕದ ಪ್ರಕಾರ 18 ವಾಟಿಗಿಂತ ಹೆಚ್ಚು ಶುದ್ಧ ಸದ್ದು ಹೊರಡದು. ವಾಟ್ ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಚೂರೇ ಹೆಚ್ಚು. ಕಿವಿಗೆ ಎರಡರಷ್ಟು ಎನಿಸಲು ಸುಮಾರು ಹತ್ತರಷ್ಟು ವಾಟ್ ಬೇಕು.

ಬ್ಯಾಟರಿಗೆ ಹಳೆಯ ಲ್ಯಾಪ್‌ಟಾಪಿನ ಲಿಥಿಯಮ್ ಸೆಲ್ಲುಗಳನ್ನು ಕಿತ್ತು ಜೋಡಿಸುವವರಿದ್ದಾರೆ. ಒಂದೊಂದು ಸೆಲ್ಲನ್ನೂ ಅಳೆದು, ರಕ್ಷಣೆಯ ಸರ್ಕ್ಯೂಟ್ ಹಾಕಿ, ಅದಕ್ಕೆಂದೇ ಇರುವ ಚಾರ್ಜರಿನಲ್ಲೇ ತುಂಬುವ ಅಭ್ಯಾಸವಿಲ್ಲದವರು ಆ ದಾರಿಗೆ ಹೋಗಬಾರದು, ಬೆಂಕಿಯ ಮಾತು ಅದು. ನಾನು ಹಾಕಿದ್ದು ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಸೀಸದ ಬ್ಯಾಟರಿ. ಎರಡು ಕಿಲೋ ಮೀರಿದ ಭಾರ, ಆದರೆ ನಂಬಿಕಸ್ಥ. ಅದರ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 5 ಆಂಪಿಯರಿನ ಫ್ಯೂಸ್ ಹಾಕದೆ ಪೆಟ್ಟಿಗೆ ಮುಚ್ಚಬೇಡಿ. ಒಳಗೆ ವೈರು ಸವೆದು ತಾಗಿದರೆ ಸೀಸದ ಬ್ಯಾಟರಿಯೂ ತಂತಿಯನ್ನು ಕೆಂಪಗೆ ಕಾಯಿಸಬಲ್ಲದು.

ಉತ್ತರಾಯಣದ ಬೆಳಿಗ್ಗೆ ಹತ್ತು ಕಿಲೋ ಸುತ್ತಮುತ್ತಲಿನ ಪೆಟ್ಟಿಗೆಯನ್ನು ನಾಲ್ಕು ಮಹಡಿ ಹತ್ತಿಸಿ ಅಗಾಸಿಯ ನಟ್ಟನಡುವೆ ಇಟ್ಟೆವು. ಮನೆಯೊಳಗೆ ಎದೆ ತಟ್ಟುತ್ತಿದ್ದ ಬೇಸ್ ಅಲ್ಲಿ ಬಡವಾಗಿಬಿಟ್ಟಿತು. ಒಳಗೆ ಗೋಡೆ, ಸೂರು ಸದ್ದನ್ನು ಹಿಂದಿರುಗಿಸುತ್ತವೆ. ಬಯಲಿನಲ್ಲಿ ಹಿಂದಿರುಗಿಸುವವರು ಯಾರೂ ಇಲ್ಲ. ಪೆಟ್ಟಿಗೆಯನ್ನು ಎತ್ತಿ, ನೀರಿನ ಟ್ಯಾಂಕಿನ ಪಕ್ಕ ಎರಡು ಕೈಪಿಡಿ ಗೋಡೆ ಕೂಡುವ ಮೂಲೆಗೆ, ನೆಲಕ್ಕೆ ತಾಗಿಸಿ ಇಟ್ಟೆವು. ಮಂದ್ರದ ಅಲೆ ಈಗ ಎಲ್ಲ ದಿಕ್ಕಿಗೂ ಚೆಲ್ಲದೆ ಮೂಲೆಯಿಂದ ಒಂದೇ ಕಡೆಗೆ ಹರಿಯಿತು. ಒಂದು ವಾಟನ್ನೂ ಹೆಚ್ಚಿಸದೆ ಬೇಸ್ ಮರಳಿ ಬಂತು. ನಾಬ್ ಮುಟ್ಟಿದಿರೇ ಎಂದು ಪಕ್ಕದ ಮನೆಯ ಬೆನ್, ಅಂದರೆ ಅಕ್ಕ, ಕೇಳಿದರು. ಅವರ ಕೈಯಲ್ಲಿ ಉಂಧಿಯುವಿನ ಪಾತ್ರೆ, ಅದರ ತುಂಬ ಪಾಪ್ಡಿ.

ಕತ್ತಲಾಗಿ, ಗಾಳಿಪಟದ ದಾರಕ್ಕೆ ಕಟ್ಟಿದ ತುಕ್ಕಲ್ ದೀಪಗಳು ಮೇಲೇರಿದಾಗ ಮೀಟರು 11.8 ವೋಲ್ಟ್ ತೋರಿಸಿತು. ಸೀಸದ ಬ್ಯಾಟರಿಯನ್ನು ಅದಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯಸ್ಸು ಕರಗುತ್ತದೆ. ಹೇಗೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ 2000ನೇ ಇಸವಿಯ ನಿಯಮವೂ ಇದೆ. ಆರಿಸಿ ಕೆಳಗೆ ತಂದು ಚಾರ್ಜಿಗೆ ಹಾಕಿದೆ. 7 ಆಂಪಿಯರ್-ಅವರಿನ ಬ್ಯಾಟರಿಗೆ ಮುಕ್ಕಾಲು ಆಂಪಿಯರಿನಷ್ಟು ಮೆಲ್ಲಗೆ ತುಂಬುವುದೇ ಕ್ಷೇಮ, ಅದಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಮರುದಿನ ವಾಸಿ ಉತ್ತರಾಯಣ, ಹಬ್ಬದ ಎರಡನೆಯ ದಿನ. ಆರು ಗಂಟೆಗೇ ಹುಡುಗರು ಬಾಗಿಲು ಬಡಿದರು, ಪೆಟ್ಟಿಗೆ ಮೇಲೆ ಹೋದದ್ದು ಹತ್ತಕ್ಕೆ.